ಗೆದ್ದಲು ಹಿಡಿಯದ ಕಂಬ

ಸರೋಜಕ್ಕ, ನಿಮ್ಮ ತಂದೆ ಹೊನ್ನಾಳಿಯಲ್ಲಿ ನಿಲ್ಲಿಸಿದ್ದ ಕಂಬಕ್ಕೆ ಗೆದ್ದಲು ಹಿಡಿದಿರಲಿಲ್ಲ. ಹಿಡಿದಿದೆ ಎಂದು ಸುಳ್ಳು ಹೇಳಿದವನು ನಾನು. ಮೊನ್ನೆ ನ್ಯಾಮತಿಯ ನಿಮ್ಮ ಮನೆಯಲ್ಲಿ, ನಾನೇ ಮಾಡಿಕೊಟ್ಟ ಕುರ್ಚಿಯ ಮೇಲೆ ಕೂತು ನೀವು ಅಂದಿರಿ — "ಅಪ್ಪಂಗೆ ಕೊನೆಕೊನೆಗೆ ಮರ ತಟ್ಟಿ ಕೇಳೋ ಕಿವಿ ಹೋಗಿತ್ತು ಬಿಡಣ್ಣ." ಅಲ್ಲೇ ಬಾಯಿ ಬಿಡಬೇಕಿತ್ತು. ಚಹಾ ಕುಡಿದು ಎದ್ದು ಬಂದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನನಗೆ ಮೊದಲಿನಿಂದಲೂ ಒಂದು ಕೆಟ್ಟ ಚಾಳಿ — ಮುಚ್ಚಿದ್ದು ಏನೇ ಇರಲಿ, ಬಿಚ್ಚಿ ನೋಡದೆ ಸಮಾಧಾನವಿಲ್ಲ. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಹೊನ್ನಾಳಿಯ ಗೌರಮ್ಮನವರ ಮನೆಗೆ ಕಿಟಕಿ ಕೂರಿಸಲು ಚನ್ನಗಿರಿಯಿಂದ ಹೋಗಿದ್ದೆ. ಅವರ ಪಡಸಾಲೆಯ ಕಂಬಗಳೆಲ್ಲ ರುದ್ರಾಚಾರ್ರ ಕೆಲಸ, ಅಂದರೆ ನಿಮ್ಮ ತಂದೆಯವರದು. ಹೂವಿಲ್ಲ, ಬಳ್ಳಿಯಿಲ್ಲ, ಗಿಳಿಯಿಲ್ಲ. ನಾಲ್ಕು ಮೂಲೆ ತೀಡಿದ ಬೋಳು ಕಂಬ, ಅದರ ತಲೆಯ ಮೇಲೆ ತೊಲೆ. ಬೇರೆ ಮನೆಗಳಲ್ಲಿ ಮಳೆಗಾಲಕ್ಕೆ ಮರ ಉಬ್ಬಿ ಕಿರುಗುಟ್ಟುತ್ತದೆ, ಬೇಸಿಗೆಗೆ ಸಂದು ಬಾಯಿ ಬಿಡುತ್ತದೆ. ಇಲ್ಲಿ ಎರಡೂ ಇಲ್ಲ! ಕಬ್ಬಿಣದ ಒಂದು ಮೊಳೆಯೂ ಕಾಣದು. ಒಳಗೆ ಏನು ಮಾಡಿದ್ದಾರೆ ಈ ಮನುಷ್ಯ? ಕಿಟಕಿ ಕೂರಿಸುವುದು ಬಿಟ್ಟು ಕತ್ತೆತ್ತಿ ಅದನ್ನೇ ನೋಡುತ್ತಾ ನಿಲ್ಲುತ್ತಿದ್ದೆ.

ನ್ಯಾಮತಿಗೆ ಬಂದು ಕೇಳಿದೆ ಕೂಡ. ನಿಮ್ಮ ತಂದೆ ಉಳಿ ಮಸೆಯುತ್ತಾ ನಕ್ಕರು. "ನನ್ನ ಯಾಕೆ ಕೇಳ್ತೀಯ? ಕಂಬಾನೇ ಕೇಳಪ್ಪ, ಹೇಳ್ತೈತೆ."

ನಮ್ಮ ಕಸುಬಿನ ಪದ್ಧತಿ ನಿಮಗೂ ಗೊತ್ತಲ್ಲ. ಮೊದಲ ಸಲ ಕೇಳಿ ಬಂದವನನ್ನು ನಕ್ಕು ಕಳಿಸುವುದು. ಮತ್ತೆ ಬಂದರೆ ಕೂರಿಸಿಕೊಂಡು ಹೇಳಿಕೊಡುವುದು. ನನಗೂ ಗೊತ್ತಿತ್ತು. ಆದರೆ ಇನ್ನೊಮ್ಮೆ ಹೋಗಿ ಕೈಕಟ್ಟಿ ನಿಲ್ಲುವುದು — ನಾನೇನು ಕಡಿಮೆ ಬಡಗಿಯೇ ಎಂಬ ಜಂಬ. ಅದರ ಮೇಲೆ ತಾಳ್ಮೆ ಎನ್ನುವುದು ನನ್ನ ಹತ್ತಿರ ಸುಳಿದದ್ದೇ ಇಲ್ಲ.

ಮಾರನೆಯ ದಿನ ಗೌರಮ್ಮನವರ ಎದುರಿಗೇ ಕೊಡತಿಯಿಂದ ಕಂಬ ತಟ್ಟಿದೆ. ಟಣ್ ಎಂದಿತು. ಒಳಗೆ ಪೊಳ್ಳಿದ್ದರೆ ದಬ್ ಎನ್ನಬೇಕು. ಈ ದನಿಯಲ್ಲಿ ಸಂದೇಹಕ್ಕೆ ಜಾಗವೇ ಇರಲಿಲ್ಲ. ನಾನು ಮುಖ ಸಣ್ಣಗೆ ಮಾಡಿಕೊಂಡು ಹೇಳಿದೆ, "ಅಮ್ಮಾ, ಒಳಗೆ ಗೆದ್ದಲು ಹಿಡದೈತೆ. ತೆಗೀಲೇಬೇಕು."

"ಅಯ್ಯೋ ಶಿವನೇ! ರುದ್ರಾಚಾರ್ರು ಇಂಥ ಮರ ಹಾಕಿದ್ರಾ?" ಅಂದರು ಗೌರಮ್ಮ.

ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಸುಳ್ಳಿಗಿಂತ ದೊಡ್ಡದು ಎಂದು ಆಗ ಹೊಳೆಯಲಿಲ್ಲ. ಮನಸ್ಸೆಲ್ಲ ಸಂದಿನೊಳಗೇ ಇತ್ತು.

ತೊಲೆಗೆ ಆಸರೆ ಕೊಟ್ಟು, ಎಲ್ಲರನ್ನೂ ಆಚೆ ಕಳಿಸಿ, ಒಬ್ಬನೇ ಸಂದು ಬಿಚ್ಚಿ ಕಂಬವನ್ನು ಹಿತ್ತಲಿಗೆ ಒಯ್ದೆ. ಕಂಬದ ತಲೆಯಲ್ಲಿ ತೊಲೆಯೊಳಗೆ ಕೂರುವಂತೆ ತೀಡಿದ ನಾಲಿಗೆಗೆ ಎರಡೂ ಪಕ್ಕ ಉಗುರು ತೂರುವಷ್ಟು ಜಾಗ ಬಿಟ್ಟಿದ್ದರು, ಮರ ಉಬ್ಬಲಿ, ಕುಗ್ಗಲಿ ಎಂದು. ಬಿಗಿ ಬಂದದ್ದು ಅಡ್ಡ ಹೊಡೆದ ಮರದ ಮೊಳೆಯಿಂದ. ತೊಲೆಯ ತೂತಿಗೂ ನಾಲಿಗೆಯ ತೂತಿಗೂ ಬೇಕೆಂದೇ ಕೂದಲೆಳೆಯಷ್ಟು ವ್ಯತ್ಯಾಸ! ಮೊಳೆ ಒಳಗೆ ಹೋಗುತ್ತಾ ಎರಡನ್ನೂ ಎಳೆದು ತಬ್ಬಿಸಿತ್ತು. ನಿಜ ಬಚ್ಚಿಡುವುದಿಲ್ಲ ಅಕ್ಕ — ಆ ಹೊತ್ತು ನನಗೆ ತಪ್ಪು ನೆನಪೇ ಆಗಲಿಲ್ಲ. ಖುಷಿಗೆ ಒಬ್ಬನೇ ನಗುತ್ತಿದ್ದೆ.

ಕಂಬದ ತಲೆಯನ್ನು ಕೊಯ್ದು ಗೋಣಿಚೀಲದಲ್ಲಿ ಮುಚ್ಚಿಟ್ಟೆ. ಉಳಿದದ್ದನ್ನು ಸೀಳಿ ಒಲೆಗೆ ಹಾಕಿಸಿದೆ. ಸುದ್ದಿ ಕೇಳಿ ನಿಮ್ಮ ತಂದೆ ಬಸ್ಸು ಹತ್ತಿ ಬಂದರು. ನೋಡಲು ಚೂರೂ ಉಳಿದಿರಲಿಲ್ಲ. ನಾನು ನಿಲ್ಲಿಸಿದ ಹೊಸ ಕಂಬವನ್ನು ಮುಟ್ಟಿ ನೋಡಿದರು. ಆಮೇಲೆ ಗೌರಮ್ಮನವರಿಗೆ ಕೈ ಮುಗಿದರು. "ತಪ್ಪಾತು ತಾಯೀ. ನನ್ನ ಕಿವಿಗೇ ಗೊತ್ತಾಗ್ಲಿಲ್ಲ ನೋಡ್ರಿ."

ಆಗಲಾದರೂ — ಇಲ್ಲ, ಆಗಲೂ ಹೇಳಲಿಲ್ಲ.

ಆ ಸಂದನ್ನೇ ಚಿಕ್ಕದು ಮಾಡಿ ಕುರ್ಚಿ ಮಾಡಿದೆ. ಕಾಲಿಗೆ ನಾಲ್ಕು ಕಂಬ, ಅಡ್ಡಕ್ಕೆ ನಾಲ್ಕು ತೊಲೆ, ಕೂರಲು ಒಂದು ಹಲಗೆ, ಒರಗಲು ಒಂದು ಪಟ್ಟಿ — ಅಷ್ಟೇ. "ಇದೇನ್ರೀ ಬೋಳು ಕುರ್ಚಿ, ಕೆತ್ತಾಕೆ ಮರೆತ್ರಾ?" ಎಂದು ಚನ್ನಗಿರಿಯಲ್ಲಿ ನಕ್ಕರು. ಜಗಳೂರಿನ ಡಾಕ್ಟರೊಬ್ಬರು ಮಾತ್ರ ಒಯ್ದರು. ಅಲ್ಲಿಯ ಬಿಸಿಲಿಗೆ ಉಳಿದ ಕುರ್ಚಿಗಳೆಲ್ಲ ಸಡಿಲಾದವು, ಇದು ಅಲ್ಲಾಡಲಿಲ್ಲ. ಎಂಬತ್ತರ ದಶಕ ಬರುವಷ್ಟರಲ್ಲಿ ನನಗೆ ಕೈತುಂಬ ಕೆಲಸ, ಹೆಸರು. ನಿಮ್ಮ ತಂದೆಯನ್ನು ಕಂಬ ನಿಲ್ಲಿಸಲು ಕರೆಯುವವರು ಕಡಿಮೆಯಾದರು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಅವರೇ ತಮ್ಮನ್ನು ನಂಬುವುದು ಬಿಟ್ಟರು. ನಾನು ಎದುರಾದಾಗಲೆಲ್ಲ ಮರದ ತುಂಡು ಮುಂದೆ ಹಿಡಿದು, "ನೀನೊಂದ್ ಸಲ ತಟ್ಟಿ ಹೇಳಪ್ಪ, ಗಟ್ಟಿ ಐತಾ?" ಎನ್ನುತ್ತಿದ್ದರು. ನಾನು ತಟ್ಟುತ್ತಿದ್ದೆ. ಥೂ, ತಟ್ಟಿ ತಲೆಯನ್ನೂ ಆಡಿಸುತ್ತಿದ್ದೆ!

ಒಂದು ದಿನ ನ್ಯಾಮತಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಕ್ಕರು. ಪಕ್ಕಕ್ಕೆ ಕೂರಿಸಿಕೊಂಡರು. "ಅವತ್ತು ಕಂಬದ ಸಂದು ಹೆಂಗೆ ಅಂತ ಕೇಳಿದ್ದಲ್ಲ? ಇನ್ನೊಂದ್ ಸಲ ಬರ್ತೀಯ ಅಂತ ಕಾದೆ ಕಣಪ್ಪ. ನೀ ಬರ್ಲೇ ಇಲ್ಲ." ಚೆಲ್ಲಿದ ಚಹಾದಲ್ಲಿ ಬೆರಳದ್ದಿ ಮೇಜಿನ ಮೇಲೆ ಬರೆದು ತೋರಿಸಿದರು — ನಾಲಿಗೆ, ಬಿಟ್ಟ ಜಾಗ, ಸರಿಸಿದ ತೂತು. ಒಂದೂ ಮುಚ್ಚಿಡಲಿಲ್ಲ. ನಾನು ಕಣ್ಣರಳಿಸಿ "ಹೌದಾ ಆಚಾರ್ರೇ!" ಎಂದೆ, ಮೊದಲ ಸಲ ಕೇಳಿದವನ ಹಾಗೆ. ಅವರ ಮುಖದಲ್ಲಿ ಎಷ್ಟು ಸಂತೋಷ!

ಮರದೊಳಗೆ ಏನಿದೆ ಎಂದು ನೋಡಲು ಅಷ್ಟು ಹಪಹಪಿಸಿದವನು, ಅವರ ಒಳಗೆ ಏನು ಮುರಿಯಿತೆಂದು ಒಂದು ದಿನವೂ ನೋಡಲಿಲ್ಲ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಗೌರಮ್ಮನವರ ಮಕ್ಕಳಿಗೂ, ನನ್ನ ಕುರ್ಚಿ ಕೊಂಡವರಿಗೂ ನಾನೇ ಹೇಳುತ್ತೇನೆ. ಅದಕ್ಕೆ ಮೊದಲು ಸೋಮವಾರ ನಿಮ್ಮಲ್ಲಿಗೆ ಬರುತ್ತೇನೆ. ಆ ಕಂಬದ ತಲೆ ಇನ್ನೂ ನನ್ನ ಹತ್ತಿರವೇ ಇದೆ, ತರುತ್ತೇನೆ. ನಿಮ್ಮ ತಂದೆಯ ಕೊಡತಿ ಹುಡುಕಿ ಇಟ್ಟುಕೊಂಡಿರಿ. ಈ ಸಲ ತಟ್ಟುವವನು ನಾನಲ್ಲ. ನೀವೇ ತಟ್ಟಿ, ನೀವೇ ಕೇಳಿಸಿಕೊಳ್ಳಿ.