ಜಯಮ್ಮ ಮೇಡಂ ದವಡೆ

ಊಟಕ್ಕೆ ಕೂತಾಗ ಯಾರಾದರೂ ಮುದ್ದೆ ಅಗಿದರೆ ಜಯಮ್ಮ ಮೇಡಂ ಸಹಿಸುತ್ತಿರಲಿಲ್ಲ. "ಅಗಿಯಕ್ಕೆ ನಿಪ್ಪಟ್ಟು ಐತೆ ಕಣಪ್ಪಾ, ಮುದ್ದೆ ನುಂಗು!" ಎಂದು ಗದರಿ, ತಾವು ಎಡದವಡೆಗೆ ನಿಪ್ಪಟ್ಟು ಕೊಟ್ಟು ಕಟುಂ ಎನ್ನಿಸುವರು. ಆ ದವಡೆಯಲ್ಲಿದ್ದುದು ಪಿಂಗಾಣಿ ಹಲ್ಲು, ನಮ್ಮ ಕಾರ್ಖಾನೆಯದೇ.

ಪಿಲ್ಲಗುಂಪೆಯಲ್ಲಿ ನಮ್ಮದು ಸಣ್ಣ ಕಾರ್ಖಾನೆ. ಹಲ್ಲು ಹೋದ ಜಾಗದಲ್ಲಿ ಮೂಳೆಗೇ ಕೂರಿಸುವ ಇಂಪ್ಲಾಂಟನ್ನು ಲೋಹದ ಬದಲು ಪಿಂಗಾಣಿಯಲ್ಲಿ ಮಾಡುತ್ತೇವೆ. ಅದು ಜನರ ಬಾಯಿಗೆ ಯೋಗ್ಯವೆಂದು ಸಹಿ ಹಾಕಬೇಕಾದವರು ಮೇಡಂ. ನಾನು ಅವರ ಕೈಕೆಳಗೆ ಕೆಲಸ ಕಲಿತವನು. "ಲೋಹ ಮುರಿಯೋಕ್ ಮುಂಚೆ ಬಗ್ಗಿ ಹೇಳ್ತದೆ. ಪಿಂಗಾಣಿ ಹೇಳ್ದೆ ಕೇಳ್ದೆ ಮುರೀತದೆ. ನಂಬಬ್ಯಾಡ, ಕಾಡ್ಸಿ ನೋಡು" ಎನ್ನುವರು.

ಬಾಯಿಯ ಬಿಸಿಯಲ್ಲಿ, ಎಂಜಲಿನಲ್ಲಿ ವರ್ಷಗಟ್ಟಲೆ ನೆಂದರೆ ಅದರ ಗತಿಯೇನು? ಅದನ್ನು ತಿಳಿಯಲು ಒತ್ತಡದ ಹಬೆಯಲ್ಲಿ ಬೇಯಿಸಿ ಯಂತ್ರದಡಿ ಒತ್ತುವ ಪರೀಕ್ಷೆಯನ್ನು ಹಟ ಹಿಡಿದು ತರಿಸಿದರು. ಮೊದಲ ದಿನವೇ ಒಂದು ಠಪ್ಪನೆ ಸಿಡಿಯಿತು. ಬೆನ್ನಿಗೇ ಇನ್ನೊಂದು. ಪರೀಕ್ಷೆಗೆಂದು ಮೇಡಂ ಮೊದಲೇ ತಮ್ಮ ಬಾಯಿಗೆ ಹಾಕಿಸಿಕೊಂಡಿದ್ದುದೂ ಅದೇ ಬ್ಯಾಚಿನದು!

ಉಳಿದ ಮಾಲು ಆಸ್ಪತ್ರೆಗಳಿಗೆ ಹೊರಟು ನಿಂತಿತ್ತು. ಮಾಲೀಕರು ನಕ್ಕುಬಿಟ್ಟರು. "ಏನ್ ಮೇಡಂ, ನಿಮ್ ಬಾಯಲ್ಲೇ ಗುಂಡ್ಕಲ್ಲಂಗೆ ಕೂತೈತೆ. ಬಂದೋರಿಗೆಲ್ಲ ಅದನ್ನೇ ತೋರಿಸ್ತೀನಿ. ಇನ್ಯಾವ ಸಾಕ್ಷಿ ಬೇಕು? ಸಹಿ ಹಾಕಿ."

ಮೇಡಂ ಸಹಿ ಹಾಕಲಿಲ್ಲ. ಎರಡು ದಿನ ರಜ ಹಾಕಿ ಬಂದವರ ಕೆನ್ನೆ ಬೋಂಡದಂತೆ ಊದಿತ್ತು. ಮಾಲೀಕರ ಮೇಜಿನ ಮೇಲೆ ಪುಟ್ಟ ಸೀಸೆಯೊಂದನ್ನು ಇಟ್ಟರು. ಒಳಗೆ ಅವರದೇ ಇಂಪ್ಲಾಂಟು.

"ಮೂಳೆ ಕೊರೆಸಿ ತೆಗೆಸ್ದೆ ಸಾರ್. ಇನ್ಮೇಲೆ ನನ್ ಬಾಯಿ ತೋರ್ಸಿ ಮಾರಂಗಿಲ್ಲ."

ಮಾಲೀಕರ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ನಾನು ಸೀಸೆಯ ಇಂಪ್ಲಾಂಟನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಎಷ್ಟು ಹುಡುಕಿದರೂ ಕೂದಲೆಳೆಯಷ್ಟು ಬಿರುಕಿಲ್ಲ!

"ಅಯ್ಯೋ, ನೆಟ್ಟಗಿರೋದನ್ನ ಕೀಳಿಸ್ಕೊಂಡ್ರಲ್ರೀ!" ಮಾಲೀಕರು ಹಣೆಗೆ ಕೈ ಇಟ್ಟರು.

"ನಂದು ಉಳೀತು ಅಂತ ಊರೋರ್ದೆಲ್ಲ ಉಳೀತದಾ ಸಾರ್?"

ಆ ಮಾಲು ಗೇಟು ದಾಟಲಿಲ್ಲ.

ನಿವೃತ್ತರಾಗಿ ಇಲ್ಲೇ ಹತ್ತಿರದ ವಿಜಯಪುರ ಸೇರಿದ ಮೇಡಂರನ್ನು ಮೊನ್ನೆ ನೋಡಿಬಂದೆ. ಹಲ್ಲಿನ ಜಾಗ ಹಾಗೇ ಖಾಲಿ. "ಬೇರೆ ಹಾಕಿಸ್ಕೊಳ್ಳಿಲ್ವಾ ಮೇಡಂ?" ಎಂದೆ.

"ನಿನ್ನ ಹೊಸ ಬ್ಯಾಚು ಪರೀಕ್ಷೆಲೈತಂತಲ್ಲಪ್ಪಾ. ನೀನು ಸಹಿ ಹಾಕು, ಅದ್ರಾಗೊಂದು ನಂಗೆ."

ಅವರ ಕುರ್ಚಿಯಲ್ಲೀಗ ನಾನು. ಬ್ಯಾಚು ಪಾಸಾಗಿ ವಾರವಾಗಿತ್ತು, ನನ್ನ ಸಹಿಯೊಂದೇ ಬಾಕಿ. ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಹೋದವನೇ ಸಹಿ ಹಾಕದೆ ಇನ್ನಷ್ಟು ತುಂಡುಗಳನ್ನು ಹಬೆಗೆ ಹಾಕಿದೆ.