ಫೋನು ತಿರುಗಿ ಕೇಳಿದ ಪ್ರಶ್ನೆ

ಏನು ಕಂಡರೂ ಎಣಿಸಿ ಬರೆದಿಡುವ ಚಟ ನನಗೆ. ರಜೆಗೆಂದು ಹುಲೇಕಲ್ಲಿಗೆ ಬಂದ ಅಕ್ಕನ ಮಗಳು, ಹತ್ತು ವರ್ಷದ ಸಿಂಧು, ಎರಡೇ ದಿನದಲ್ಲಿ ನನ್ನ ಫೋನಿನ ಎಐಗೆ ಆರೋಗ್ಯದ ಹದಿನೇಳು ಪ್ರಶ್ನೆ ಕೇಳಿದ್ದಳು. ಬಿಕ್ಕಳಿಕೆ ಯಾಕೆ, ಬೆಕ್ಕಿಗೂ ಜ್ವರ ಬರುತ್ತದೆಯೇ, ಹೀಗೆ. ನನಗೆ ಹಿಗ್ಗೋ ಹಿಗ್ಗು! ನಮ್ಮ ಕಾಲದ ವೈದ್ಯಶಾಸ್ತ್ರವೆಲ್ಲ ನನ್ನ ಆಯಿಯ, ಅಂದರೆ ಸಿಂಧುವಿನ ಅಮ್ಮಮ್ಮನ, ಒಂದೇ ಶಬ್ದದಲ್ಲಿ ಮುಗಿಯುತ್ತಿತ್ತು: ಪಿತ್ತ. ದೊಡ್ಡವರು ಪಕ್ಕದಲ್ಲಿದ್ದರೆ ಮಾತ್ರ ಕೇಳಬೇಕು, ಹೆಸರು ಫೋಟೋ ಹಾಕಬಾರದು, ಅದು ಹೇಳಿತೆಂದು ಮದ್ದು ನುಂಗಬಾರದು ಎಂದು ಸಿಂಧುವಿಗೆ ಪಾಠ ಮಾಡಿ ಬೀಗುತ್ತಿದ್ದೆ.

ಗುರುವಾರ ಮಧ್ಯಾಹ್ನ ಅವಳ ತುಟಿ ಊದಿ ಗುಳ್ಳೆ ಎದ್ದಿತು.

"ಪಿತ್ತವೇ ಸೈ. ಮುರುಗಲು ಸಿಪ್ಪೆ ತಗಂಬಾ," ಎಂದಳು ಆಯಿ. ಆ ಹುಳಿಹಣ್ಣಿನ ಒಣಸಿಪ್ಪೆಯೇ ಅವಳ ಪಿತ್ತದ ಮದ್ದು.

"ತಡಿ ಆಯಿ, ಇದ್ರತ್ರ ಕೇಳಿ ನೋಡ್ವ," ಎಂದು ಫೋನು ತೆಗೆದೆ.

"ಅದು ನಾಡಿ ಹಿಡ್ದು ನೋಡ್ತಾ?"

ಆಯಿಯ ಕೊಂಕಿನಲ್ಲಿ ಸತ್ಯವಿತ್ತು. ರೋಗಿಯನ್ನು ನೋಡಬೇಕು, ಮುಟ್ಟಬೇಕು, ಕೇಳಬೇಕು ಎನ್ನುತ್ತದೆ ಆಯುರ್ವೇದ. ನಾವು ಟೈಪ್ ಮಾಡುವ ಫೋನಿಗೆ ದಕ್ಕುವುದು ಕೇಳುವುದೊಂದೇ. ಅದು ಕೇಳಿಯೂ ಕೇಳಿತು: ಹೊಸದೇನಾದರೂ ತಿಂದಿರಾ, ಮುಟ್ಟಿದಿರಾ? ಸಿಂಧು 'ಇಲ್ಲ' ಎಂದು ಒತ್ತಿ, ಅಮ್ಮಮ್ಮನ ಮುಖವನ್ನು ಓರೆಗಣ್ಣಿನಲ್ಲಿ ನೋಡಿದಳು. ಆ ನೋಟ ಫೋನಿಗೆಲ್ಲಿ ಕಂಡೀತು? 'ಇಲ್ಲ'ವನ್ನು ನಂಬಿ ಬಿಸಿಲು, ಟೂತ್‌ಪೇಸ್ಟು ಎಂದು ಪಟ್ಟಿ ಕೊಟ್ಟಿತು. ಆ ನೋಟ ನನಗೆ ಕಂಡಿತು.

"ಹೇಳು ಕೂಸೇ, ಆನು ಬೈತ್ನಿಲ್ಲೆ."

"ಚಿಕ್ಕಿ, ಅದು ಗೇರುಬೀಜ. ಪಕ್ಕದ್ಮನೆ ಬೇಣದ ಗುಡ್ಡದ್ದು. ಸುಡದೇ ಹಲ್ಲಲ್ಲಿ ಒಡೆದಿ. ಒಂದೇ ಒಂದು."

ಬೈಯಲು ಬಾಯಿ ತೆರೆದ ಆಯಿ ನಕ್ಕುಬಿಟ್ಟಳು. "ಹಸಿ ಬೀಜದ ಸೊನೆ! ನಿನ್ನ ಚಿಕ್ಕಿಯೂ ಹೀಂಗೇ ಸುಟ್ಕಂಡಿತ್ತು."

'ಇಲ್ಲ' ಅಳಿಸಿ ನಿಜ ಬರೆದೆವು. ಉತ್ತರವೇ ಬದಲಾಯಿತು! ಸೋಪು ನೀರಿನಲ್ಲಿ ತೊಳೆಯಿರಿ, ಉಜ್ಜಬೇಡಿ, ವೈದ್ಯರಿಗೆ ತೋರಿಸಿ, ಉಸಿರು ಕಟ್ಟಿದರೆ ಒಂದು ಕ್ಷಣವೂ ಕಾಯಬೇಡಿ. ಉಸಿರು ಸರಾಗವಾಗಿತ್ತು. ತುಟಿ ತೊಳೆದು ಮೂವರೂ ಶಿರಸಿಯ ಬಸ್ಸು ಹತ್ತಿದೆವು.

"ಏನು ತಿಂದಿದ್ದೆ ಪುಟ್ಟಿ?" ಎಂದರು ಡಾಕ್ಟರು. ಸಿಂಧು ಮತ್ತೆ ಅಮ್ಮಮ್ಮನ ಕಡೆ ತಿರುಗಿದಳು. ಆಯಿ ಆಗಲೇ ಬೇಕೆಂದೇ ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕುವುದರಲ್ಲಿ ಮುಳುಗಿಬಿಟ್ಟಿದ್ದಳು. ಹುಡುಗಿ ಧೈರ್ಯವಾಗಿ ಎಲ್ಲ ಹೇಳಿದಳು. ಬೀಜ ಐದಂತೆ!

ಮಗು ಹೀಗೆ ಕೇಳುವಾಗ, ಹೇಳುವಾಗ ದೊಡ್ಡವರು ಪಕ್ಕದಲ್ಲಿರಲೇಬೇಕು. ನಡುನಡುವೆ ಸ್ವಲ್ಪ ಏಕಾದಶಿಯನ್ನೂ ಹುಡುಕುತ್ತಿರಬೇಕು.