ಮೈಕ್ ಚಾಚಾ ಹೇಳದ ಹೆಸರು

ಅವರ ಕೆಳತುಟಿಯ ನಟ್ಟನಡುವೆ ಒಂದು ಕಪ್ಪು ಗುರುತಿತ್ತು. ಬೀಡಿ ಸುಟ್ಟದ್ದಲ್ಲ, ಹುಟ್ಟಿನಿಂದ ಬಂದದ್ದೂ ಅಲ್ಲ. ಮೂವತ್ತು ವರ್ಷ ಮೈಕಿನ ಜಾಳಿಗೆಗೆ ತುಟಿ ಒತ್ತಿ ಮಾತಾಡಿದ್ದರ ಗುರುತು. ಹತ್ತಿರದಿಂದ ನೋಡಿದರೆ ಅದರೊಳಗೆ ಜಾಳಿಗೆಯ ಸಣ್ಣ ಸಣ್ಣ ಚೌಕಗಳೂ ಕಾಣುತ್ತವೆ ಎಂದು ನಮ್ಮ ಓಣಿಯ ಹುಡುಗಿಯರು ನಂಬಿದ್ದೆವು. ಒಂದು ದಿನ ಧೈರ್ಯ ಮಾಡಿ ಹತ್ತಿರ ಹೋಗಿ ನೋಡಿದೆ. ಚೌಕ ಕಾಣಲಿಲ್ಲ. ಆದರೂ ವಾಪಸು ಬಂದು ಕಂಡವು ಎಂದೇ ಹೇಳಿದೆ.

ಬೆಟಗೇರಿಯ ನಮ್ಮ ನೇಕಾರ ಓಣಿಗೆಲ್ಲ ಅವರು ಮೈಕ್ ಚಾಚಾ. ಗದಗ, ಲಕ್ಷ್ಮೇಶ್ವರ, ಮುಂಡರಗಿಗಳಲ್ಲಿ ಒಬ್ಬರೇ ಮಾಲೀಕರಿಗೆ ಮೂರು ಟಾಕೀಸುಗಳಿದ್ದವು. ಆ ಮೂರರ ಸಿನೆಮಾಗಳನ್ನೂ ಆಟೋದಲ್ಲಿ ಸುತ್ತಿ ಸಾರುವುದು ಚಾಚಾನ ಕೆಲಸ. ಆಟೋದ ಎರಡೂ ಬದಿಗೆ ಪೋಸ್ಟರು, ನೆತ್ತಿಯ ಮೇಲೆ ಕಹಳೆಯಂಥ ಸ್ಪೀಕರು. ಚಾಚಾನ ಒಂದು ಕೈ ಹ್ಯಾಂಡಲಿನ ಮೇಲೆ, ಇನ್ನೊಂದರಲ್ಲಿ ಮೈಕು. ಶುಕ್ರವಾರ ಬೆಳಿಗ್ಗೆ ಹೊರಟರೆ ನಡುವೆ ನಮಾಜಿಗೆ ಮಾತ್ರ ಬಾಯಿಗೆ ಬಿಡುವು.

ಸಾರುವವರು ಎಲ್ಲ ಊರಿನಲ್ಲೂ ಇದ್ದರು. ಆದರೆ ಚಾಚಾ ಒಂದೇ ಸಿನೆಮಾವನ್ನು ಒಂದೊಂದು ಕಡೆ ಒಂದೊಂದು ರೀತಿ ಸಾರುತ್ತಿದ್ದರು. ಮುಂಡರಗಿಯ ಬಸ್ ನಿಲ್ದಾಣದಲ್ಲಿ ಬಸ್ಸು ಹೊರಡುವಷ್ಟರಲ್ಲಿ ಮುಗಿಯಬೇಕು, ಹಾಗಾಗಿ ಅಲ್ಲಿ ನಾಲ್ಕೇ ಸಾಲು. ಬೆಳ್ಳಟ್ಟಿಯಂಥ ಹಳ್ಳಿಯಲ್ಲಿ ನಾಯಕ ನಾಯಕಿಗಿಂತ ಮೊದಲು ಆಟ ಮುಗಿದ ಮೇಲೆ ವಾಪಸು ಬಸ್ಸಿದೆಯೋ ಇಲ್ಲವೋ ಎಂಬುದನ್ನು ಹೇಳುತ್ತಿದ್ದರು. ನಮ್ಮ ಓಣಿಗೆ ಬಂದರಂತೂ ಆಟೋದ ಎಂಜಿನ್ ಬಂದ್ ಮಾಡಿ, ಕಣ್ಣು ಮುಚ್ಚಿ, ಒಂದು ಗಳಿಗೆ ಸುಮ್ಮನೆ ಕೂರುವರು. ಮನೆಮನೆಯಿಂದ ಕೈಮಗ್ಗದ ಸದ್ದು. ಟಕ್ ಟಕಾ, ಟಕ್ ಟಕಾ. ಆ ಸದ್ದಿಗೆ ಸರಿಯಾಗಿ ಮಾತು ಶುರುವಾಗುತ್ತಿತ್ತು.

"ನೋಡ ಬರ್ರಿ, ಕೂಡ ಬರ್ರಿ, ಮನಿಮಂದಿ ಕರಕೊಂಡ ಬರ್ರಿ, ಹೊಡೆದಾಟ ಐದು, ಹಾಡು ಆರು, ಅಳೂದಿದ್ರ ದಸ್ತಿ ತರ್ರಿ."

ಲಾಳಿ ಅತ್ತಿತ್ತ ಓಡಿದಂತೆ ಮಾತು ಓಡುತ್ತಿತ್ತು. ಎಳೆ ಕಡಿದು ಎದುರು ಮನೆಯ ಮಗ್ಗ ನಿಂತರೆ ಚಾಚಾನೂ ನಿಲ್ಲುವರು. ಅರ್ಧ ಮಾತಿನಲ್ಲಿ ನಿಂತು, ಮಗ್ಗ ಮತ್ತೆ ಹೊರಟಾಗ ಬಿಟ್ಟ ಅಕ್ಷರದಿಂದಲೇ ಮುಂದುವರಿಸುವರು. ನಮ್ಮಪ್ಪ ಇದನ್ನು ತಿಳಿದೇ ಕಿತಾಪತಿ ಮಾಡುತ್ತಿದ್ದ. ಖಳನಾಯಕ ಚಾಕು ತೆಗೆದ ಎನ್ನುವಲ್ಲಿಗೆ ಬೇಕೆಂದೇ ಮಗ್ಗ ನಿಲ್ಲಿಸಿ ಬಿಡುತ್ತಿದ್ದ. ಓಣಿಯೆಲ್ಲ ಕಿಸಕ್ಕನೆ ನಗುವುದು. ಚಾಚಾ ಮೈಕಿನಲ್ಲೇ, "ಅಣ್ಣಾ, ಆಂವ ಚಾಕು ಹಿಡಕೊಂಡ ನಿಂತಾನ, ಕೈ ನೋಯ್ತೈತಿ, ಜಲ್ದಿ ನೇಯಿ" ಎನ್ನುವರು.

ಅವರ ಇನ್ನೊಂದು ಗುಟ್ಟು ಹೆಂಗಸರಿಗೆಲ್ಲ ಗೊತ್ತಿತ್ತು. ಸಿನೆಮಾ ಚೆನ್ನಾಗಿದ್ದರೆ "ನೋಡಲೇಬೇಕು" ಎನ್ನುತ್ತಿದ್ದರು. ಪರವಾಗಿಲ್ಲ ಎನ್ನುವಂತಿದ್ದರೆ "ನೋಡಬಹುದು". ತೀರಾ ಕೆಟ್ಟದಾಗಿದ್ದರೆ ಟಾಕೀಸಿನ ಹೆಸರು, ಆಟದ ಹೊತ್ತು, ಮುಗಿಯಿತು. ಈ ಲೆಕ್ಕ ಗೊತ್ತಿಲ್ಲದಿದ್ದವರು ಮಾಲೀಕರು ಒಬ್ಬರೇ. ಕುರ್ಚಿಗಳು ಯಾಕೆ ಖಾಲಿ ಎಂದು ತಲೆ ಕೆಡಿಸಿಕೊಂಡು ಒಂದು ಶುಕ್ರವಾರ ತಾವೇ ಆಟೋದ ಹಿಂದಿನ ಸೀಟಿನಲ್ಲಿ ಕೂತು ಬಂದರು. ಚಾಚಾ ಟಾಕೀಸಿನ ಹೆಸರು, ಆಟದ ಹೊತ್ತು ಅಷ್ಟೇ ಹೇಳಿ ಹೊರಟಾಗ ನಮ್ಮ ಬಾಗಿಲ ಮುಂದೆಯೇ ಗುಟ್ಟು ಸಿಕ್ಕಿಬಿತ್ತು. ಬೈಗುಳ ಮುಗಿದ ಮೇಲೆ ಚಾಚಾ ಹೇಳಿದ್ದು ನನಗಿನ್ನೂ ನೆನಪಿದೆ.

"ಸಾಹುಕಾರ್ರ, ಸುಳ್ಳ ಹೇಳಾಕ ನನಗೂ ಬರತೈತ್ರಿ. ಆದ್ರ ಮುಂದಿನ ವಾರ ಇದ ಬಾಯಿಲೆ ಖರೆ ಹೇಳಿದ್ರ ಯಾರು ನಂಬತಾರ, ನೀವ ಹೇಳ್ರಿ."

ಮಾಲೀಕರು ಇಳಿದು ಟಾಂಗಾ ಹಿಡಿದು ಹೋದರು. ಮುಂದಿನ ವಾರವೂ ಚಾಚಾನೇ ಬಂದರು.

ಅವರ ತಲೆಯಲ್ಲಿ ಏನೇನಿತ್ತೋ ದೇವರಿಗೇ ಗೊತ್ತು. ಯಾವ ಸಿನೆಮಾದ ರಾಜನ ಕೈಯಲ್ಲಿ ಗಡಿಯಾರ ಉಳಿದುಹೋಗಿತ್ತು, ಯಾವ ನಾಯಕಿಗೆ ಬೇರೆಯವರ ಕಂಠ, ಎಲ್ಲ ನಾಲಿಗೆಯ ತುದಿಯಲ್ಲಿ. ಮುಂಡರಗಿಯಲ್ಲಿ ಒಮ್ಮೆ ರೀಲುಗಳು ಅದಲುಬದಲಾಗಿ, ಮಧ್ಯಂತರಕ್ಕೆ ಮೊದಲೇ ಸತ್ತ ನಾಯಕ ಆಮೇಲೆ ಬಂದು ಮದುವೆಯಾದನಂತೆ. ಜನ ಅದನ್ನು ಪುನರ್ಜನ್ಮದ ಕಥೆ ಎಂದು ತಿಳಿದು ಸೀಟಿ ಹೊಡೆದರು. ಮರುದಿನ ರೀಲು ಸರಿಮಾಡಿ ಓಡಿಸಿದಾಗ, ನಿನ್ನೆಯದೇ ಚಲೋ ಇತ್ತು ಎಂದು ಗಲಾಟೆ ಮಾಡಿದರು. ಟಿವಿಯಲ್ಲಿ ದೇವರ ಧಾರಾವಾಹಿ ಬರುತ್ತಿದ್ದ ಭಾನುವಾರದ ಬೆಳಿಗ್ಗೆಗಳಲ್ಲಿ ಚಾಚಾ ಮೈಕು ಮುಟ್ಟುತ್ತಿರಲಿಲ್ಲ. ಓಣಿಯ ಒಂದೇ ಟಿವಿಯ ಮುಂದೆ, ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದರು. ಒಳಗೆ ಕರೆದರೆ, "ಇದು ನಮ್ಮ ಧಂದೆದ ವೈರಿ, ದೂರಿಂದನ ನೋಡಬೇಕು" ಎನ್ನುವರು. ಆದರೆ ಬಾಣ ಬಿಡುವ ಹೊತ್ತಿಗೆ ಎಲ್ಲರಿಗಿಂತ ಮೊದಲು ಅವರದೇ ಕೈ ಮೇಲೇಳುತ್ತಿತ್ತು.

ನಾನು ಕಾಲೇಜಿಗೆಂದು ಧಾರವಾಡದ ಹಾಸ್ಟೆಲ್ಲಿಗೆ ಹೋದೆ. ಕೋಣೆಯ ಗೆಳತಿಯ ಫೋನಿನಲ್ಲಿ ಮೊದಲ ಬಾರಿ ರ‍್ಯಾಪ್ ಕೇಳಿದ್ದು ಅಲ್ಲೇ. ಇಂಗ್ಲಿಷು ಒಂದೂ ತಿಳಿಯಲಿಲ್ಲ. ಆದರೂ ಇದನ್ನು ನಾನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ರಜೆಗೆ ಬಂದವಳೇ ಚಾಚಾನನ್ನು ಹುಡುಕಿಕೊಂಡು ಹೋದೆ. ಅಷ್ಟರಲ್ಲಿ ಮೂರೂ ಟಾಕೀಸು ಮುಚ್ಚಿದ್ದವು. ಅದೇ ಆಟೋದಲ್ಲಿ ಅವರು ಉಳ್ಳಾಗಡ್ಡಿ ಚೀಲ ಸಾಗಿಸುತ್ತಿದ್ದರು. ಚೀಲಗಳ ನಡುವೆ ಕೂತು, ಫೋನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಇಂವ ಯಾವ ಓಣಿಯಾಂವ?"

"ಅಮೆರಿಕಾದಾಂವ, ಚಾಚಾ."

"ಇರಲಿ. ಇವನ ಮನಿ ಬಾಜೂಕನೂ ಏನೋ ಬಡೀತಿತ್ತು ನೋಡು. ಸುಮ್ಮನ ಹಿಂಗ ಮಾತು ಬರಂಗಿಲ್ಲ."

ಇನ್ನೊಮ್ಮೆ ಹಾಕು ಎಂದರು. ಈ ಸಲ ಬೆರಳು ಎತ್ತಿದರು. "ಡೋಲ ಬಾರ್ಸಿದ್ದು ಒಂದ ತುಂಡು, ಅದನ್ನ ತಿರುಗಿ ತಿರುಗಿ ಹಾಕ್ಯಾರ. ಎರಡು ಟೇಪ್ ಬೇಕಾಗ್ತಾವು ಇದಕ್ಕ."

ಅಮೆರಿಕಾದ ಬಡ ಓಣಿಗಳ ಹುಡುಗರು ಎರಡು ರೆಕಾರ್ಡು ಪ್ಲೇಯರು ಇಟ್ಟುಕೊಂಡು, ಹಾಡಿನ ನಡುವಿನ ಡ್ರಮ್ಮಿನ ತುಂಡನ್ನೇ ಮತ್ತೆ ಮತ್ತೆ ಹಾಕಿ ಕುಣಿದಿದ್ದರಿಂದ ಈ ಹಿಪ್‌ಹಾಪ್ ಹುಟ್ಟಿತು ಎಂದು ನಾನು ಹಿಂದಿನ ವಾರವಷ್ಟೇ ಓದಿದ್ದೆ. ಅದನ್ನು ಇವರಿಗೆ ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ಲಕ್ಷ್ಮೇಶ್ವರದ ಸಂತೆಯಲ್ಲಿ ಜನ ನಿಲ್ಲುತ್ತಿದ್ದುದು ಹಾಡಿಗಲ್ಲ, ಹಾಡಿನ ನಡುವಿನ ಡೋಲಿಗೆ ಎಂಬುದನ್ನು ಚಾಚಾ ಕಂಡುಕೊಂಡಿದ್ದರು. ಸಿನೆಮಾ ಸಾರುತ್ತಿದ್ದ ಕಾಲದಲ್ಲೇ ಆಟೋದಲ್ಲಿ ಎರಡು ಟೇಪ್ ರೆಕಾರ್ಡರು ಕಟ್ಟಿದ್ದರು. ಒಂದರಲ್ಲಿ ಡೋಲು ಮುಗಿಯುವಷ್ಟರಲ್ಲಿ ಇನ್ನೊಂದರ ಗುಂಡಿ ಒತ್ತಿ, ಅಷ್ಟರೊಳಗೆ ಮೊದಲನೆಯದನ್ನು ಹಿಂದಕ್ಕೆ ಸುತ್ತಿ, ಅದರ ಮೇಲೆ ತಮ್ಮ ಮಾತು ಕೂರಿಸುತ್ತಿದ್ದರು. ನಾನು ಆ ಹುಡುಗರ ಕಥೆ ಹೇಳಿದಾಗ ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವ್ರ ಊರಾಗೂ ಮಂದಿ ಹಾಡ ಪೂರಾ ಕೇಳ್ತಿದ್ದಿಲ್ಲೇನು!"

ಆ ದಿನ ನನಗೆ ಜಗತ್ತು ಸಣ್ಣದಾಗಿಯೂ ದೊಡ್ಡದಾಗಿಯೂ ಒಟ್ಟಿಗೇ ಕಂಡಿತು.

ಆಮೇಲಿನ ಎರಡು ವರ್ಷ ಪ್ರತಿ ರಜೆಯೂ ಅವರ ಜೊತೆಗೇ. ಉಳ್ಳಾಗಡ್ಡಿ ಇಳಿಸಿ ಖಾಲಿ ಆಟೋದಲ್ಲಿ ವಾಪಸು ಬರುವಾಗ ಕಲಿಸುತ್ತಿದ್ದರು. ನಮ್ಮ ಭಾಷೆಯಲ್ಲೇ ಬರೆ ಎಂದರು. ಸದ್ದು ಮೊದಲು ಕೇಳು, ಆಮೇಲೆ ಬಾಯಿ ತೆರೆ ಎಂದರು. ನಾನು ಬರೆದದ್ದನ್ನು ಹೇಳಿ ತೋರಿಸಿದರೆ ಮೂರೇ ತೀರ್ಪು: ಕೇಳಲೇಬೇಕು, ಕೇಳಬಹುದು, ಇಲ್ಲವೇ ಮೌನ. ಮೊದಲ ವರ್ಷವೆಲ್ಲ ಮೌನವೇ ಸಿಕ್ಕಿತು.

ನಂತರ ಒಂದು ಟಿವಿ ಸ್ಪರ್ಧೆಗೆ ಆಯ್ಕೆಯಾದೆ. ಮಗ್ಗದ ಕುರಿತು ಬರೆದ ರ‍್ಯಾಪು ಹೇಳಿದೆ, ಸ್ಟುಡಿಯೋ ಎದ್ದು ನಿಂತಿತು. ತೀರ್ಪುಗಾರರಲ್ಲೊಬ್ಬರು, "ಇದನ್ನು ಯಾರ ಹತ್ತಿರ ಕಲಿತಿರಿ?" ಎಂದು ಕೇಳಿದರು. ನನಗಿಂತ ಮೊದಲು ಬಂದವರೆಲ್ಲ ದೊಡ್ಡ ದೊಡ್ಡ ವಿದೇಶಿ ಹೆಸರುಗಳನ್ನು ಹೇಳಿದ್ದರು. ಆ ದೀಪಗಳ ಕೆಳಗೆ ಉಳ್ಳಾಗಡ್ಡಿ ಆಟೋದವರ ಹೆಸರು ಹೇಳಲು ನನ್ನ ನಾಲಿಗೆ ಏಳಲಿಲ್ಲ. "ಯಾರ ಹತ್ತಿರವೂ ಇಲ್ಲ ಸರ್, ಫೋನಿನಲ್ಲಿ ವಿಡಿಯೋ ನೋಡಿ ನಾನೇ ಕಲಿತೆ" ಎಂದೆ. ಚಪ್ಪಾಳೆ ಬಿತ್ತು. ನಾಚಿಕೆಗೆಟ್ಟವಳಂತೆ ತಲೆಬಾಗಿ ತೆಗೆದುಕೊಂಡೆ.

ಅದು ಪ್ರಸಾರವಾದ ದಿನ ಚಾಚಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಮನೆಗೆ ಬಂದಿದ್ದರಂತೆ. ಆವತ್ತು ಕಿಟಕಿಯ ಹೊರಗೆ ನಿಲ್ಲದೆ ಒಳಗೇ ಬಂದು, ಎಲ್ಲರಿಗಿಂತ ಮುಂದೆ ಕೂತಿದ್ದರಂತೆ. ಅವ್ವ ಫೋನಿನಲ್ಲಿ ಇಷ್ಟೇ ಹೇಳಿದಳು: "ಚಹಾ ಕುಡೀಲಿಲ್ಲ ನೋಡು ಆಂವ. ಚಲೋ ಹೇಳಿದ್ಳು ಅಂದು ಎದ್ದು ಹೋದ."

ಮರುದಿನವೇ ಊರಿಗೆ ಓಡಿದೆ. ಕಾಲು ಹಿಡಿಯಲು ಹೋದರೆ ಚಾಚಾ ಹಿಂದಕ್ಕೆ ಸರಿದರು.

"ಯಾಕ ಅಳ್ತಿ ಬೇಟಾ? ಮೂವತ್ತು ವರ್ಷ ಮೈಕ್ ಹಿಡಿದೆ, ನನ್ನ ಹೆಸರು ಒಮ್ಮಿಯಾದ್ರೂ ಹೇಳೇನೇನು? ಹೆಸರು ಸಿನೆಮಾದ್ದು. ಸಾರಾಂವಂದಲ್ಲ."

ಬೈದಿದ್ದರೆ ಹಗುರಾಗುತ್ತಿತ್ತು. ಮುಂದಿನ ಸುತ್ತಿನಲ್ಲಿ ಏನಾದರೂ ಆಗಲಿ, ಅವರ ಹೆಸರು ಹೇಳಿಯೇ ತೀರುತ್ತೇನೆ ಎಂದು ನಿರ್ಧರಿಸಿದೆ. ಆ ಹೊತ್ತಿಗೆ ಅವರಿಗೆ ದಮ್ಮು ಹತ್ತಿತ್ತು, ನಾಲ್ಕು ಮಾತಿಗೆ ಒಮ್ಮೆ ಉಸಿರಿಗೆಂದು ನಿಲ್ಲುತ್ತಿದ್ದರು. ತಡಮಾಡುವ ಹಾಗಿರಲಿಲ್ಲ.

ಎರಡನೆಯ ಸುತ್ತಿನಲ್ಲಿ ಹೇಳಿದೆ. ಯಾರೂ ಕೇಳದಿದ್ದರೂ ಮೈಕು ಹಿಡಿದು, ಅವರ ಪೂರ್ತಿ ಹೆಸರು ಹೇಳಿ, ಕಳೆದ ಸಲ ಸುಳ್ಳು ಹೇಳಿದೆ, ನನಗೆ ಕಲಿಸಿದವರು ಇವರು, ಸಿನೆಮಾ ಸಾರುತ್ತಿದ್ದವರು, ನನ್ನ ಗುರು ಎಂದೆ. ಕೈ ಜೋಡಿಸಿದೆ. ಆ ಸುತ್ತಿನಲ್ಲಿ ಸೋತೆ. ಸೋತದ್ದಕ್ಕೆ ಒಂದಿಷ್ಟೂ ಬೇಸರವಾಗಲಿಲ್ಲ.

ಪ್ರಸಾರದ ದಿನ ನಾನೇ ಚಾಚಾನ ಮನೆಯಲ್ಲಿದ್ದೆ. ಅವರ ಹೆಂಡತಿ, ನಮ್ಮೆಲ್ಲರ ಚಾಚಿ, ಒಳಗೆ ರೊಟ್ಟಿ ಬಡಿಯುತ್ತಿದ್ದರು. ಟಿವಿಯಲ್ಲಿ ನನ್ನ ರ‍್ಯಾಪು ಮುಗಿಯಿತು, ನಾನು ಮೈಕು ಹಿಡಿದೆ, "ಎಲ್ಲರಿಗೂ ಧನ್ಯವಾದ" ಎಂದೆ, ಜಾಹೀರಾತು ಬಂತು. ಅಷ್ಟೇ. ನಾನು ಹೇಳಿದ್ದನ್ನೆಲ್ಲ ಕತ್ತರಿಸಿ ಎಸೆದಿದ್ದರು. ಹೇಳಿದ್ದೆ ಎಂದರೆ ಇನ್ನು ಯಾರು ನಂಬುತ್ತಾರೆ? ಒಮ್ಮೆ ಸುಳ್ಳು ಹೇಳಿದ ಬಾಯಿ ಇದು.

ಚಾಚಾ ಟಿವಿ ನೋಡುತ್ತಲೇ ಇದ್ದರು. ಉಸಿರು ಹಿಡಿದು ಹಿಡಿದು ಕೇಳಿದರು.

"ಮೈಕ್ ತಗೋಬೇಕಾದ್ರ ನಿನ್ನ ವೇಲು ಎಡಗಡೆ ಇತ್ತು. ಧನ್ಯವಾದ ಅನ್ನೂದ್ರಾಗ ಬಲಗಡೆ ಬಂತು. ನಡುವ ಭಾಳ ಹೊತ್ತು ನಿಂತಿ ನೀ. ಏನ ಹೇಳಿದಿ ಬೇಟಾ ಅಲ್ಲೆ?"

ಇಡೀ ನಾಡಿನಲ್ಲಿ ಲಕ್ಷಾಂತರ ಜನ ನೋಡಿರಬೇಕು ಅದನ್ನು. ಆ ವೇಲು ಕಂಡದ್ದು ಇವರೊಬ್ಬರಿಗೆ. ನಾನು ಅಳುತ್ತಲೇ ಎದ್ದು ನಿಂತು, ಸ್ಟುಡಿಯೋದಲ್ಲಿ ಹೇಳಿದ್ದನ್ನು ಒಂದಕ್ಷರ ಬಿಡದೆ ಆ ಸಣ್ಣ ಕೋಣೆಯಲ್ಲಿ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. "ಆತು. ನನಗ ಮುಟ್ಟಿತು. ಇನ್ನ ಎಲ್ಲೂ ನನ್ನ ಹೆಸರ ಹೇಳಬ್ಯಾಡ, ನಿನ್ನ ಹಾಡ ಹೇಳು" ಎಂದರು. ಅದಕ್ಕೇ ಇಲ್ಲಿಯೂ ನಾನು ಆ ಹೆಸರು ಬರೆದಿಲ್ಲ.

ಆ ಚಳಿಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿದು ನಾನು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಚಾಚಿಯ ಪಕ್ಕ ಹೋಗಿ ಕೂತೆ. ಅವರ ಕೈ ಹಿಡಿದುಕೊಂಡೆ. ಚಾಚಿಯೇ ಮಾತು ಶುರು ಮಾಡಿದರು.

"ಊರೆಲ್ಲಾ ಒದರಿ ಬಂದು ಮನ್ಯಾಗ ಸುಮ್ಮ ಕುಂಡ್ರತಿದ್ರವಾ ಅವರು. ಸಿನೆಮಾದ್ದೊಂದು ಮಾತು ನನ್ನ ಮುಂದ ಆಡಿದವರಲ್ಲ. ನೀ ಹೋದ ಮ್ಯಾಲ ಆವತ್ತು ನನ್ನ ಕರೆದು, ಕುಂಡ್ರು ಅಂದ್ರು. ನೀ ಟಿವ್ಯಾಗ ಹೇಳಿದ್ದು, ಟಿವಿಯವ್ರು ಕತ್ತರಿಸಿದ್ದು, ಅಷ್ಟೂ ನಿನ್ನಂಗ ನಿಂತು ಹೇಳಿದ್ರು. ದಮ್ಮು ಹತ್ತಿ ಎರಡು ಸಲ ನಡುವನ ನಿಂತ್ರು. ಮತ್ತ ಮೊದ್ಲಿಂದ ಶುರು ಮಾಡಿದ್ರು. ಮೂರನೇ ಸಲಕ್ಕ ಪೂರಾ ಮುಗಿಸಿದ್ರು ನೋಡು, ತಮ್ಮ ಹೆಸರು ಸೈತ."